ಎತ್ತು ಮತ್ತು ಟಗರುಗಳಲ್ಲಿ ಮೂತ್ರದ ಕಲ್ಲು

ಎತ್ತೊಂದು ಮೇವು ಬಿಟ್ಟು, ಕಾಲುಗಳನ್ನು ಚಾಚಿ ನಿಂತು, ಬಾಲವನ್ನಾಡಿಸುತ್ತ ತಿಣುಕಿದರೆ, ಮಲಬದ್ಧತೆಯೆಂದು ತಿಳಿದು ಭೇದಿಯ ಔಷಧವನ್ನು ಕುಡಿಸುವ ರೈತರುಂಟು. ಆದರೆ ಅನೇಕ ವೇಳೆ ಕಟ್ಟಿರುವುದು ಸಗಣಿಯಲ್ಲ, ಮೂತ್ರ. ಈ ಭೇದವನ್ನರಿಯದೆ ಕಳೆದ ಒಂದು ದಿವಸವು ರಾಸಿನ ಪ್ರಾಣಕ್ಕೆ ಎರವಾಗಬಹುದು.

ಕಾರಣಗಳು.— ಮೂತ್ರದಲ್ಲಿರುವ ಸುಣ್ಣ, ರಂಜಕ, ಮೆಗ್ನೀಷಿಯಂ ಮುಂತಾದವುಗಳ ಲವಣಗಳು ಮೂತ್ರಪಿಂಡಗಳಲ್ಲಿಯೂ ಮೂತ್ರಕೋಶದಲ್ಲಿಯೂ ಹರಳುಗಟ್ಟಿ ಕಲ್ಲಾಗುವುವು. ನೀರು ಸಾಲದಿದ್ದರೆ ಮೂತ್ರವು ಗಟ್ಟಿಯಾಗಿ ಈ ಕಾರ್ಯವು ಬೇಗ ನಡೆಯುವುದು. ಬೂಸಾ, ತೌಡು, ಕಾಳುಗಳಲ್ಲಿ ರಂಜಕವು ಸುಣ್ಣದ ಅಂಶಕ್ಕಿಂತ ಹಲವು ಪಟ್ಟು ಹೆಚ್ಚು. ಆದುದರಿಂದ ಕೊಬ್ಬಿಸುವುದಕ್ಕಾಗಿ ಇವನ್ನೇ ತಿನ್ನಿಸಿದ ಟಗರುಗಳಲ್ಲಿ ಈ ರೋಗವು ಅಧಿಕ. ಹೆಣ್ಣು ರಾಸುಗಳ ಮೂತ್ರನಾಳವು ಮೊಟಕು ಮತ್ತು ಅಗಲವಾದುದರಿಂದ ಕಲ್ಲು ಸುಲಭವಾಗಿ ಹೊರಬೀಳುವುದು. ಎತ್ತಿನಲ್ಲಿ ಆ ನಾಳವು ಡೊಂಕಾಗಿರುವ ಎಡೆಯಲ್ಲಿಯೂ, ಟಗರಿನಲ್ಲಿ ಎಳೆಯಂತಿರುವ ತುದಿಯಲ್ಲಿಯೂ ಕಲ್ಲು ಸಿಕ್ಕಿಕೊಳ್ಳುವುದು. ಎಳೆತನದಲ್ಲಿಯೇ ಬೀಜ ಒಡೆಸಿದರೆ ನಾಳವು ಕಿರಿದಾಗಿಯೇ ಉಳಿಯುವುದು.

ಲಕ್ಷಣಗಳು.— ಮೂತ್ರವು ತೊಟ್ಟು ತೊಟ್ಟಾಗಿ ಬೀಳುವುದು ಅಥವಾ ಪೂರ್ಣವಾಗಿ ನಿಲ್ಲುವುದು. ರಾಸು ಹೊಟ್ಟೆಯನ್ನು ಒದೆದುಕೊಳ್ಳುವುದು, ಹಲ್ಲು ಕಡಿಯುವುದು. ಮೂತ್ರದ್ವಾರದ ಕೂದಲಿಗೆ ಮರಳಿನಂತಹ ಹರಳುಗಳು ಅಂಟಿರುವುದೂ ಉಂಟು. ಒಂದೆರಡು ದಿವಸಗಳಲ್ಲಿ ನೋವು ಹಠಾತ್ತಾಗಿ ಅಡಗಿದರೆ ರೋಗವು ವಾಸಿಯಾಯಿತೆಂದು ಹಿಗ್ಗಬಾರದು, ಮೂತ್ರಕೋಶವು ಒಡೆದಿರಬಹುದು. ಅನಂತರ ಹೊಟ್ಟೆಯು ಉಬ್ಬಿ, ರಕ್ತದಲ್ಲಿ ವಿಷವು ಸೇರಿ ರಾಸು ಸಾಯುವುದು.

ಚಿಕಿತ್ಸೆ.— ಮೂತ್ರವು ಕಟ್ಟಿದೊಡನೆ ಪಶುವೈದ್ಯರನ್ನು ಕರೆಯಿಸಬೇಕು. ಶಸ್ತ್ರಚಿಕಿತ್ಸೆಯಿಂದ ಕಲ್ಲನ್ನು ತೆಗೆಯಬಹುದು. ನಾಳವು ಮುಚ್ಚಿರುವಾಗ ಮೂತ್ರವನ್ನು ಹೆಚ್ಚಿಸುವ ಕಷಾಯಗಳನ್ನು ಕುಡಿಸುವುದು ಅಪಾಯಕರ. ಮೂತ್ರಕೋಶವು ಮತ್ತಷ್ಟು ಬೇಗ ಒಡೆಯುವುದು.

ನಿವಾರಣೋಪಾಯ.— ಈ ರೋಗವು ಬಾರದಂತೆ ತಡೆಯುವುದೇ ಲೇಸು, ಅದಕ್ಕೆ ವೆಚ್ಚವೂ ಅಲ್ಪ.

1. ಶುದ್ಧವಾದ ನೀರು ಸದಾ ದೊರೆಯುವಂತಿರಬೇಕು; ಚಳಿಗಾಲದಲ್ಲಿಯೂ ಇದನ್ನು ಮರೆಯಬಾರದು.

2. ಎತ್ತೊಂದಕ್ಕೆ ದಿನಕ್ಕೆ 30ರಿಂದ 50 ಗ್ರಾಂ ಉಪ್ಪನ್ನು ದಾಣಿಯಲ್ಲಿ ಬೆರೆಸಿ ಕೊಡಬೇಕು; ಉಪ್ಪು ತಿಂದ ರಾಸು ನೀರನ್ನು ಹೆಚ್ಚಾಗಿ ಕುಡಿಯುವುದು.

3. ಬೂಸಾ, ತೌಡುಗಳನ್ನು ಮಿತಗೊಳಿಸಿ, ಹುರುಳಿ ಹೊಟ್ಟು, ಕಡಲೆಕಾಯಿ ಬಳ್ಳಿ ಮುಂತಾದ ಸುಣ್ಣದ ಅಂಶವುಳ್ಳ ಮೇವನ್ನು ಸೇರಿಸಬೇಕು. ಒಟ್ಟು ಆಹಾರದಲ್ಲಿ ರಂಜಕದ 1 ಪಾಲಿಗೆ ಸುಣ್ಣದ ಅಂಶವು ಸುಮಾರು 2 ಪಾಲು ಇರುವುದು ಉತ್ತಮ. ಸುಣ್ಣವೇ ಕಲ್ಲಾಗುವುದೆಂದು ಹೆದರಿ ಇಂತಹ ಮೇವನ್ನು ಬಿಡಬಾರದು. ಅದು ಕರುಳಿನಲ್ಲಿಯೇ ರಂಜಕವನ್ನು ತಡೆದು ಸಗಣಿಯೊಡನೆ ಹೊರಹಾಕುವುದು.

4. ತೀರ ಎಳೆಯ ಕರುಗಳಿಗೆ ಬೀಜ ಒಡೆಸಬಾರದು.

ಕೊಟ್ಟಿಗೆಯಲ್ಲಿ ರಾಸು ಎಷ್ಟು ಮೇಯಿತೆಂದು ನೋಡುವ ರೈತನು, ಅದು ಎಷ್ಟು ನೀರು ಕುಡಿಯಿತು, ಹೇಗೆ ಮೂತ್ರ ಮಾಡಿತು ಎಂಬುದನ್ನೂ ದಿನವೂ ಗಮನಿಸಿದರೆ, ದುಡಿಯುವ ಎತ್ತು ಅಕಾಲದಲ್ಲಿ ಕೈಬಿಟ್ಟು ಹೋಗುವ ನಷ್ಟವು ತಪ್ಪುವುದು.