ಎಚ್.ಐ.ವಿ. ಸೋಂಕುಳ್ಳವರಲ್ಲಿ ಹೃದ್ರೋಗ ಹಾಗೂ ಮಧುಮೇಹದ ವಿಚಾರ

ಆಯುರ್ವೇದಶಾಸ್ತ್ರಕಾರರು ವ್ಯಾಧಿಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯಗಳೆಂದು ವಿಭಾಗಿಸಿರುವರು. ಸಮೂಲವಾಗಿ ಹೋಗದಿದ್ದರೂ ಔಷಧಪಥ್ಯಗಳು ನಡೆದಿರುವವರೆಗೆ ಅಡಗಿರುವ ವ್ಯಾಧಿಯು ಯಾಪ್ಯವೆನಿಸುವುದು. ಒಂದು ಕಾಲಕ್ಕೆ ಅಸಾಧ್ಯವೆಂದೇ ಎಣಿಸಲ್ಪಟ್ಟಿದ್ದ ಎಚ್.ಐ.ವಿ. ಸೋಂಕು ಈಗ ಯಾಪ್ಯದ ವರ್ಗಕ್ಕೆ ಸೇರಿರುವುದು. 2004ನೆಯ ಏಪ್ರಿಲ್ ತಿಂಗಳಿಂದ ಭಾರತಸರಕಾರವು ಎ.ಆರ್.ಟಿ. ಔಷಧಗಳನ್ನು ಉಚಿತವಾಗಿ ಕೊಡತೊಡಗಿದುದೇ ಈ ದೇಶದಲ್ಲಿ ಅದಕ್ಕೆ ಮುಖ್ಯ ಕಾರಣವು. ಸೋಂಕು ಬಹಳವಾಗಿ ಹಬ್ಬಿದ್ದ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳಲ್ಲಿ ಅಂದು ಯೌವನದಲ್ಲಿ ಔಷಧ ಹಿಡಿದು ಬದುಕಿದವರು ಇಂದು ನಡುವಯಸ್ಸಿಗೆ ಬಂದಿರುವರು. ಕ್ಷಯದ ಭಯವು ಪೂರ್ಣವಾಗಿ ಹೋಗಿಲ್ಲವಾದರೂ ಹೃದ್ರೋಗ, ಮಧುಮೇಹಗಳ ಚಿಂತೆಯು ಅವರಿಗೆ ಹೊಸದಾಗಿ ಒದಗಿರುವುದು.

ವೈರಾಣುವು ಪರೀಕ್ಷೆಗೆ ಸಿಕ್ಕದಷ್ಟು ಕುಗ್ಗಿದ ಮೇಲೆಯೂ ಶರೀರದಲ್ಲಿ ಮಂದವಾದ ಉರಿಯೂತವೊಂದು ಉಳಿದು ಧಮನಿಗಳ ಒಳಪದರವನ್ನು ಕೆಡಿಸುವುದು. ಹಿಂದೆ ಬಳಕೆಯಲ್ಲಿದ್ದ ಸ್ಟಾವುಡಿನ್ ಕೆನ್ನೆ, ಕೈಕಾಲುಗಳ ಕೊಬ್ಬನ್ನು ಕರಗಿಸುತ್ತಿತ್ತು. ಈಗಿನ ಡೊಲುಟೆಗ್ರಾವಿರ್ ಅದಕ್ಕಿಂತ ಎಷ್ಟೋ ಸೌಮ್ಯವಾದುದು. ಆದರೂ ಕೆಲವರಲ್ಲಿ ತೂಕವನ್ನೇರಿಸುವುದುಂಟು. ಹಾಗೆಂದು ಔಷಧವನ್ನೇ ಬಿಡಬೇಕೆಂಬ ಮಾತು ಸರ್ವಥಾ ತ್ಯಾಜ್ಯವು. 2006ರಲ್ಲಿ ಪ್ರಕಟವಾದ ‘ಸ್ಮಾರ್ಟ್’ ಎಂಬ ಸಂಶೋಧನೆಯಲ್ಲಿ ಔಷಧವನ್ನು ನಡುವೆ ನಿಲ್ಲಿಸಿದವರಲ್ಲಿಯೇ ಮರಣವೂ ಹೃದಯದ ವ್ಯಾಧಿಗಳೂ ಹೆಚ್ಚಾಗಿ ಕಂಡುಬಂದವು.

ಈ ಸೀಮೆಯ ಆಹಾರದಲ್ಲಿ ಜೋಳದ ರೊಟ್ಟಿಯು ದೋಷವಿಲ್ಲದ್ದು. ಗೋಕಾಕದ ಕರದಂಟನ್ನು ನಿಂದಿಸಲು ಯಾರಿಗೂ ಮನಸ್ಸು ಬಾರದು. ಆದರೆ ಬೆಲ್ಲ, ಅಂಟು, ಒಣಹಣ್ಣುಗಳ ಆ ತಿನಿಸು ಬಡಕಲು ಮೈಗೆ ಒಗ್ಗಿದಂತೆ ಮಧುಮೇಹಿಗೆ ಒಗ್ಗದು. ಬಡಕಲಾದರೆ ಜನರು ಸಂಶಯಿಸುವರೆಂದು ಅಂಜಿ ಮೈತುಂಬಿಕೊಳ್ಳುವವನಿಗೆ ಇದನ್ನು ತಿಳಿಸುವುದು ಕಷ್ಟವೇ ಸರಿ. ಹುಕ್ಕೇರಿಗೆ ನೆರೆಯಾದ ನಿಪ್ಪಾಣಿಯು ತಂಬಾಕಿನ ಪೇಟೆಯು, ತಂಬಾಕನ್ನಂತೂ ಬಿಡಲೇಬೇಕು.

2023ರಲ್ಲಿ ಪ್ರಕಟವಾದ ‘ರಿಪ್ರೀವ್’ ಸಂಶೋಧನೆಯಲ್ಲಿ ಭಾರತವೂ ಸೇರಿ 12 ದೇಶಗಳ 7769 ಜನರು ಪಾಲುಗೊಂಡಿದ್ದರು. 40 ರಿಂದ 75 ವಯಸ್ಸಿನ ಇವರಲ್ಲಿ ಯಾರಿಗೂ ಹೃದ್ರೋಗದ ಅಪಾಯವು ಅಧಿಕವಾಗಿರಲಿಲ್ಲ. ದಿನಕ್ಕೆ 4 ಮಿಲಿಗ್ರಾಂ ಪಿಟಾವಸ್ಟಾಟಿನ್ ಸೇವಿಸಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ನೂರಕ್ಕೆ 35ರಷ್ಟು ಕಡಿಮೆಯಾದವು. ಆದರೆ ಔಷಧಗಳು ಪರಸ್ಪರ ವಿರೋಧಿಸುವುದುಂಟು. ರಿಟೊನಾವಿರ್‌ನೊಡನೆ ಸಿಂವಸ್ಟಾಟಿನ್ ಸಲ್ಲದು. ಡೊಲುಟೆಗ್ರಾವಿರ್ ಜೊತೆಯಲ್ಲಿ ಮಧುಮೇಹದ ಮೆಟ್‌ಫಾರ್ಮಿನ್ ರಕ್ತದಲ್ಲಿ ಹೆಚ್ಚುವುದರಿಂದ ಅದು ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು. ಸೋಂಕನ್ನು ಮರೆಮಾಚಿ ಬೇರೊಬ್ಬ ವೈದ್ಯನಲ್ಲಿ ಸಕ್ಕರೆರೋಗಕ್ಕೆ ಮದ್ದು ಬೇಡುವವನಿಗೆ ಇಲ್ಲಿಯೇ ಅಪಾಯವು. ರೋಗಿಯ ಸಮ್ಮತಿಯಿಲ್ಲದೆ ಸೋಂಕಿನ ಸಂಗತಿಯನ್ನು ಹೊರಗೆಡವಬಾರದೆಂದು 2017ರ ಕಾಯಿದೆಯು ವಿಧಿಸಿದ್ದು, ಅದು 2018ನೆಯ ಸಪ್ಟೆಂಬರ್ 10ರಿಂದ ಜಾರಿಯಲ್ಲಿರುವುದು. ಆದುದರಿಂದ ವೈದ್ಯನಿಗೆ ಎಲ್ಲ ಗುಳಿಗೆಗಳನ್ನೂ ತೋರಿಸಲು ಹಿಂಜರಿಯಬೇಕಾಗಿಲ್ಲ.