ಎರಡು ಕೋಣ ಇದ್ದ ಮಾತ್ರಕ್ಕೆ ಜೋಡಿಯಾಗುವುದಿಲ್ಲ

ಚಳಿ ಬಿದ್ದಿತೆಂದರೆ ಪುತ್ತೂರು, ಸುಳ್ಯ, ಕಡಬದ ಕಂಬಳದ ಕೋಣಗಳ ಯಜಮಾನರಿಗೆ ಅಡಿಕೆ ಕೊಯ್ಲಿನ ಜತೆಗೆ ಇನ್ನೊಂದು ಲೆಕ್ಕಾಚಾರ ಶುರು. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ ಜೋಡುಕರೆ. ಸಣ್ಣ ಹಟ್ಟಿಯವರು ಇಲ್ಲಿ ಏನನ್ನು ನಂಬಿ ಕೋಣ ಇಳಿಸುತ್ತಾರೆ?

ಮೊದಲ ಲೆಕ್ಕ ಹಲ್ಲಿನದು. ಕೋಣದ ಕೆಳದವಡೆಯ ಮುಂದೆ ಎಂಟು ಹಲ್ಲು, ಮೇಲೆ ಒಂದೂ ಇಲ್ಲ. ಹಾಲುಹಲ್ಲು ಉದುರಿ ಗಟ್ಟಿ ಹಲ್ಲು ಜೋಡಿ ಜೋಡಿಯಾಗಿ ಬರುತ್ತದೆ. ತುಟಿ ಎತ್ತಿ ಎಣಿಸಿದರೆ ಪ್ರಾಯ ತಿಳಿಯುತ್ತದೆ. ಕೋಣ ಕಿರಿಯದೋ ಹಿರಿಯದೋ ಎಂದು ತೀರ್ಮಾನವಾಗುವುದು ಅದರಿಂದಲೇ.

ಎರಡನೆಯದು ವಿಭಾಗ. ನೇಗಿಲು, ಹಗ್ಗ ಎರಡರಲ್ಲೂ ಕಿರಿಯ-ಹಿರಿಯ ಇವೆ. ಅಡ್ಡಹಲಗೆಯಲ್ಲಿ ಓಟಗಾರ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆಹಲಗೆಯಲ್ಲಿ ವೇಗಕ್ಕೆ ಲೆಕ್ಕವಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಮುಟ್ಟಬೇಕು. ಹೊಸಬರು ಸಾಮಾನ್ಯವಾಗಿ ಕಿರಿಯ ನೇಗಿಲಿನಿಂದ ಆರಂಭಿಸುತ್ತಾರೆ.

ಕಷ್ಟದ ಕೆಲಸ ಜೋಡಿ ಹೊಂದಿಸುವುದು. ಒಂದು ಗಂತಿನಿಂದ (ಓಟ ಶುರುವಾಗುವ ಜಾಗ) ಚಿಮ್ಮಿ ಹೋಗುವುದು, ಇನ್ನೊಂದು ಮಂಜೊಟ್ಟಿ (ಓಟ ಮುಗಿಯುವ ಜಾಗ) ಹತ್ತಿರ ಬಂದ ಮೇಲೆ ಕಾಲು ಎಳೆಯುವುದು: ಬೇರೆ ಬೇರೆಯಾಗಿ ನೋಡಿದರೆ ಎರಡೂ ಒಳ್ಳೆಯ ಕೋಣಗಳೇ. ಒಂದೇ ನೊಗದಡಿ ಹೆಜ್ಜೆ ಕೂಡದಿದ್ದರೆ ಓಟಗಾರ ಎಷ್ಟು ಚುರುಕಾದರೂ ಪ್ರಯೋಜನವಿಲ್ಲ. ಅದಕ್ಕೇ ಋತುವಿಗೆ ಮುಂಚೆ ಕುದಿ ಕಂಬಳ: ಎಳೆ ಕೋಣಗಳನ್ನು ಕೆಸರಿಗೂ ನೊಗಕ್ಕೂ ಒಗ್ಗಿಸುವ ಅಭ್ಯಾಸ.

ಹಟ್ಟಿಯ ದಿನಚರಿಗೆ ಬಿಡುವಿಲ್ಲ. ಬೇಯಿಸಿದ ಹುರುಳಿ, ಹಸಿಹುಲ್ಲು, ಮೈಗೆ ಎಣ್ಣೆ ತಿಕ್ಕುವುದು, ಕೆರೆಯಲ್ಲಿ ಈಜು. ಗೆದ್ದರೆ ಬಹುಮಾನ ಪವನ್ ಲೆಕ್ಕದ ಚಿನ್ನ. ಒಂದು ಪವನ್ ಅಂದರೆ 8 ಗ್ರಾಂ. ವರ್ಷದ ಹುರುಳಿ, ಆಳಿನ ಸಂಬಳ ಕೂಡಿಸಿದರೆ ಇದು ಲಾಭದ ಬಾಬತ್ತಲ್ಲ. ಮೆಡಲ್ ಬಂದ ಮರುದಿನ ಊರವರು ಹಟ್ಟಿಗೆ ಬಂದು ಕೋಣದ ಬೆನ್ನು ತಟ್ಟುತ್ತಾರಲ್ಲ, ಯಜಮಾನರಿಗೆ ಅದೇ ಗಳಿಕೆ.

2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಕಂಬಳಕ್ಕೇ ಕುತ್ತು ಬಂದಿತ್ತು. 2017ರಲ್ಲಿ ಕಂಬಳಕ್ಕೆ ಅವಕಾಶವಾಗುವಂತೆ ರಾಜ್ಯ ಕಾನೂನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣವೊಂದು ಪಳಗಲು ವರ್ಷಗಳೇ ಬೇಕು. ಮುಂದಿನ ಕಂಬಳ ನಡೆಯುತ್ತದೆಂಬ ಧೈರ್ಯವಿಲ್ಲದೆ ಯಾರೂ ಎಳೆ ಕೋಣ ಕೊಳ್ಳರು. ಈಗ ಹಿರಿಯ ಜೋಡಿಯ ಪಕ್ಕದಲ್ಲಿ ಹಾಲುಹಲ್ಲಿನದೊಂದು ಕಟ್ಟಿದ್ದರೆ, ಯಜಮಾನರು ಇನ್ನೈದು ವರ್ಷದ ಆಚೆಗೆ ನೋಡುತ್ತಿದ್ದಾರೆ ಎಂದೇ ಅರ್ಥ.