ಬಿಚ್ಚಿ ತಂದು ಕಟ್ಟಿದ ಊರುಗಳು

ಬಯಲು ವಸ್ತುಸಂಗ್ರಹಾಲಯದಲ್ಲಿ ಮನೆಯೇ ಪ್ರದರ್ಶನದ ವಸ್ತು. ನೇಗಿಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚೀಟಿ ಅಂಟಿಸುವ ಬದಲು, ಅದು ಒರಗಿ ನಿಂತಿದ್ದ ಗೋಡೆ, ಒಳಗಿನ ಒಲೆ, ಪಕ್ಕದ ಕೊಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಉಳಿಸುವುದು ಅದರ ಉದ್ದೇಶ.

ಈ ಆಲೋಚನೆ ಮೊದಲು ಬೇರೂರಿದ್ದು ಉತ್ತರ ಯುರೋಪಿನಲ್ಲಿ. ಸ್ವೀಡನ್–ನಾರ್ವೆಗಳ ದೊರೆ ಎರಡನೇ ಆಸ್ಕರ್ 1880ರ ದಶಕದಲ್ಲಿ ಹಳೆಯ ಕಟ್ಟಡಗಳನ್ನು ಓಸ್ಲೊ ಸಮೀಪದ ಬಿಗ್ಡೊಯ್‌ಗೆ ತರಿಸಿ ನಿಲ್ಲಿಸಿದ. ಗೋಲ್ ಎಂಬ ಊರಿನ ಮಧ್ಯಯುಗದ ಮರದ ಚರ್ಚ್ ಅವುಗಳಲ್ಲಿ ಒಂದು. ಈ ಆಲೋಚನೆಯನ್ನು ವಿಸ್ತಾರವಾದ ಯೋಜನೆಯಾಗಿ ಬೆಳೆಸಿದವರು ಸ್ವೀಡನ್ನಿನ ಆರ್ತುರ್ ಹಾಸೆಲಿಯಸ್. 1872ರಲ್ಲಿ ಡಾಲಾರ್ನಾ ಪ್ರಾಂತ್ಯದಲ್ಲಿ ಸುತ್ತಾಡಿದಾಗ ಹಳ್ಳಿಯ ಉಡುಪು, ಪಾತ್ರೆಪಗಡಿಗಳು ಕಣ್ಮರೆಯಾಗುತ್ತಿರುವುದನ್ನು ಕಂಡು ಅವರು ಸಂಗ್ರಹಕ್ಕೆ ತೊಡಗಿದರು. 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಅವರ ಬಯಲು ವಸ್ತುಸಂಗ್ರಹಾಲಯ ಸ್ಕಾನ್ಸೆನ್ ತೆರೆಯಿತು. ಅಲ್ಲಿ ಮನೆಗಳ ಜೊತೆಗೆ ದನಕರು, ಕುಶಲಕರ್ಮಿಗಳು, ಹಬ್ಬದ ಕುಣಿತಗಳೂ ಇದ್ದವು.

ಇದು ಉತ್ತರದಲ್ಲೇ ಸುಲಭವಾಗಿ ಸಾಧ್ಯವಾಗಲು ಅಲ್ಲಿನ ಕಟ್ಟುವ ಕ್ರಮವೂ ನೆರವಾಯಿತು. ಮರದ ದಿಮ್ಮಿಗಳನ್ನು ಮೂಲೆಗಳಲ್ಲಿ ಕಚ್ಚು ಕೊರೆದು ಒಂದರ ಮೇಲೊಂದು ಕೂರಿಸಿದ ಮನೆಯನ್ನು, ಪ್ರತಿ ದಿಮ್ಮಿಗೂ ಗುರುತು ಹಾಕಿ ಕಳಚಿ, ಬೇರೆಡೆ ಅದೇ ಕ್ರಮದಲ್ಲಿ ಜೋಡಿಸಬಹುದು. ಮಣ್ಣಿನ ಗೋಡೆಗೆ ಆ ಭಾಗ್ಯವಿಲ್ಲ.

ಇಂಗ್ಲೆಂಡಿನಲ್ಲಿ ಈ ಕೆಲಸ ತಡವಾಗಿ ಬಂದರೂ ಆಳವಾಗಿ ನಡೆಯಿತು. ಹೊಸ ಪಟ್ಟಣಕ್ಕಾಗಿ ಮಧ್ಯಯುಗದ ಮರದ ಮನೆಗಳನ್ನು ಕೆಡವುವುದನ್ನು ಕಂಡು ನೊಂದ ರಾಯ್ ಆರ್ಮ್‌ಸ್ಟ್ರಾಂಗ್ ಅವರ ಪ್ರಯತ್ನದಿಂದ, ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಸಂಗ್ರಹಾಲಯ ರೂಪುಗೊಂಡಿತು. ಅದರ ಹೆಮ್ಮೆ 15ನೇ ಶತಮಾನದ ‘ಬೇಲೀಫ್’ ಎಂಬ ರೈತಮನೆ. ಕೆಂಟ್‌ನಲ್ಲಿ ಜಲಾಶಯವೊಂದಕ್ಕೆ ಜಾಗ ಬಿಟ್ಟುಕೊಡಬೇಕಾಗಿ ಬಂದಾಗ ಅದನ್ನು ಬಿಚ್ಚಿ ಇಲ್ಲಿಗೆ ತರಲಾಯಿತು. ಓಕ್ ತೊಲೆಗಳ ಚೌಕಟ್ಟು, ನಡುವೆ ಹೆಣೆದ ಕಡ್ಡಿಗಳಿಗೆ ಮೆತ್ತಿದ ಮಣ್ಣು, ಗಾಜಿಲ್ಲದ ಕಿಟಕಿ. ನಡುಮನೆಯ ನೆಲದಲ್ಲೇ ಬೆಂಕಿ. ಚಿಮಣಿ ಇಲ್ಲ, ಹೊಗೆ ಮೇಲೇರಿ ಮಾಡಿನ ಮೂಲಕ ಹೊರಹೋಗುತ್ತದೆ. ಆ ಕಾಲದ ಚಳಿಗಾಲ ಹೇಗಿತ್ತೆಂದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಆ ಕೋಣೆ ತಿಳಿಸುತ್ತದೆ. ಆವರಣದ 17ನೇ ಶತಮಾನದ ನೀರಿನ ಗಿರಣಿ ಮತ್ತೆ ಹಿಟ್ಟು ಬೀಸಿದ್ದೂ ಇಲ್ಲಿಯೇ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೂ ಇದೇ ದಾರಿಯದು. ಹಾಳಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರುಜೋಡಿಸಲಾಗಿದೆ.

ಆದರೆ ಮನೆಯನ್ನು ಸಾಗಿಸಬಹುದು, ಅದನ್ನು ಕಟ್ಟಿದ ಕೈಯನ್ನು ಸಾಗಿಸಲಾಗದು. ಕಸುಬು ಉಳಿಯಬೇಕಾದರೆ ಅದು ನಡೆಯುತ್ತಲೇ ಇರಬೇಕು. ಈ ಮಾತನ್ನು ಕೊನೆಯವರೆಗೂ ಒಯ್ದದ್ದು ಫ್ರಾನ್ಸಿನ ಬರ್ಗಂಡಿಯ ಗೆದೆಲೋನ್. 1997ರಲ್ಲಿ ಮಿಶೆಲ್ ಗಿಯೋ ಮತ್ತು ಸಂಗಡಿಗರು ಅಲ್ಲಿ ಹಳೆಯದನ್ನು ತಂದು ನಿಲ್ಲಿಸಲಿಲ್ಲ. 13ನೇ ಶತಮಾನದ ರೀತಿಯ ಕೋಟೆಯನ್ನು ಆ ಕಾಲದ ವಿಧಾನಗಳಿಂದಲೇ ಹೊಸದಾಗಿ ಕಟ್ಟಲು ಹೊರಟರು. ಕಲ್ಲು ಪಕ್ಕದ ಗಣಿಯದು, ಮರ ಸುತ್ತಲಿನ ಕಾಡಿನದು. ಕಮ್ಮಾರ ಅಲ್ಲೇ ಉಳಿ ಹದಮಾಡುತ್ತಾನೆ, ಹೆಂಚನ್ನೂ ಅಲ್ಲೇ ಸುಡುತ್ತಾರೆ. ಭಾರದ ಕಲ್ಲನ್ನು ಮೇಲೆತ್ತಲು ಜನ ದೊಡ್ಡ ಚಕ್ರದೊಳಗೆ ನಡೆಯುತ್ತಾರೆ. ಕಲ್ಲುಕುಟಿಗರು ಕೆಲಸದ ನಡುವೆಯೇ ನೋಡಲು ಬಂದವರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ಇದು ವೇಷಧಾರಿಗಳ ಆಟವೆಂದು ಹಗುರವಾಗಿ ಕಾಣುವವರಿಗೆ 2019ರಲ್ಲಿ ಉತ್ತರ ಸಿಕ್ಕಿತು. ಪ್ಯಾರಿಸ್ಸಿನ ನೋತ್ರ್‌ದಾಮ್ ಚರ್ಚಿನ ಮಧ್ಯಯುಗದ ಮಾಡು ಬೆಂಕಿಗೆ ಆಹುತಿಯಾದಾಗ, ಓಕ್ ಮರವನ್ನು ಕೊಡಲಿಯಿಂದಲೇ ಕೆತ್ತಿ ತೊಲೆ ಮಾಡಬಲ್ಲ ಬಡಗಿಗಳು ಬೇಕಾದರು. ಗೆದೆಲೋನ್‌ನಲ್ಲಿ ಪಳಗಿದವರು ಆ ತಂಡಗಳಲ್ಲಿ ಕೆಲಸ ಮಾಡಿದರು. ಮಾಡು ಮತ್ತೆ ಮರದಿಂದಲೇ ಎದ್ದಿತು. 2024ರ ಡಿಸೆಂಬರಿನಲ್ಲಿ ಚರ್ಚು ಬಾಗಿಲು ತೆರೆಯಿತು.